ಪೇಶ್ವೆಗಳ ರಾಜಧಾನಿಗೆ ಒಂದು ದಿನದ ಬಸ್ಸು

ಪುಣೆ ಇವತ್ತು ಯಾವ ರಾಜ್ಯದ ರಾಜಧಾನಿಯೂ ಅಲ್ಲ. ಆದರೆ ಧಾರವಾಡದ ಸೀಮೆಗೆ ಒಂದು ಕಾಲಕ್ಕೆ ಅದೇ ರಾಜಧಾನಿಯಾಗಿತ್ತು. 1749ರಲ್ಲಿ ಸಾತಾರಾದ ಛತ್ರಪತಿ ಶಾಹು ತೀರಿಕೊಂಡ ಮೇಲೆ ಮರಾಠರ ಅಧಿಕಾರವೆಲ್ಲ ಪುಣೆಯ ಪೇಶ್ವೆಗಳ ಕೈಸೇರಿತು. 1818ರಲ್ಲಿ ಎರಡನೆಯ ಬಾಜೀರಾಯ ಇಂಗ್ಲಿಷರಿಗೆ ಶರಣಾಗುವ ತನಕ ಹುಕುಮು ಹೊರಡುತ್ತಿದ್ದದ್ದು ಅಲ್ಲಿಂದಲೇ. ಹಾಗಾಗಿ ಉತ್ತರ ಕರ್ನಾಟಕದವರಿಗೆ ಪುಣೆ ನೋಡುವುದೆಂದರೆ ತಮ್ಮೂರಿನ ಚರಿತ್ರೆಯ ಕೆಲವು ಹಾಳೆಗಳನ್ನೇ ತಿರುವಿ ಹಾಕಿದಂತೆ.

ಇದಕ್ಕೆ ಸುಲಭದ ದಾರಿ ‘ಪುಣೆ ದರ್ಶನ’ ಬಸ್ಸು. ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಎರಡು ಸಾರಿಗೆ ಸಂಸ್ಥೆಗಳು 2007ರಲ್ಲಿ ಒಂದಾಗಿ ಹುಟ್ಟಿದ ಪಿಎಂಪಿಎಂಎಲ್ ಇದನ್ನು ನಡೆಸುತ್ತದೆ. ಬೆಳಗ್ಗೆ ಹತ್ತಿಸಿಕೊಂಡು, ಊರೆಲ್ಲ ಸುತ್ತಿಸಿ, ಸಂಜೆ ತಂದು ಬಿಡುತ್ತಾರೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಸ್ವಾರಗೇಟಿಗೆ ಬಂದಿಳಿದು, ಮುಖ ತೊಳೆದು, ಉಪ್ಪಿಟ್ಟೋ ಪೋಹೆಯೋ ತಿಂದು ನೇರ ಇದನ್ನು ಹಿಡಿಯುವವರೂ ಉಂಟು.

ಪೇಶ್ವೆಗಳು ವಾಸವಿದ್ದ ಶನಿವಾರವಾಡಾದಲ್ಲಿ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಒಂದನೆಯ ಬಾಜೀರಾಯ 1730ರ ಜನವರಿ 10ರ ಶನಿವಾರ ಅಡಿಗಲ್ಲು ಹಾಕಿಸಿದ. ಎರಡು ವರ್ಷಕ್ಕೆ ಗೃಹಪ್ರವೇಶ. ಏಳಂತಸ್ತಿನ ಅರಮನೆ ಇತ್ತಂತೆ. 1828ರಲ್ಲಿ ಬಿದ್ದ ಬೆಂಕಿ ದಿನಗಟ್ಟಲೆ ಉರಿದು ಒಳಗಿನ ಮರದ ಕೆಲಸವನ್ನೆಲ್ಲ ನುಂಗಿತು. ಉಳಿದದ್ದು ಕೋಟೆಗೋಡೆ, ಬಾಗಿಲುಗಳು, ಅಡಿಪಾಯ, ಒಣಗಿದ ಕಾರಂಜಿ. ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರವಾಜಾದ ಕದಗಳಿಗೆ ಆನೆಯ ಹಣೆಯ ಎತ್ತರಕ್ಕೆ ಬಡಿದ ಉಕ್ಕಿನ ಮೊಳೆಗಳನ್ನು ಹತ್ತಿರ ಹೋಗಿ ನೋಡಿ.

ಇಲ್ಲಿ ಹೇಳುವ ಕಥೆಗಳಲ್ಲಿ ಜನ ಕಿವಿ ನಿಮಿರಿಸುವುದು ದೆವ್ವದ ಕಥೆಗೆ. 1773ರ ಆಗಸ್ಟ್ 30ರಂದು ಹದಿಹರೆಯದ ಪೇಶ್ವೆ ನಾರಾಯಣರಾಯನನ್ನು ಕಾವಲಿನ ಗಾರದಿಗಳೇ ಕೊಂದರು. ಹುಣ್ಣಿಮೆಯ ರಾತ್ರಿ ಇವತ್ತಿಗೂ ‘ಕಾಕಾ, ನನ್ನನ್ನು ಉಳಿಸು’ ಎಂಬ ಕೂಗು ಕೇಳುತ್ತದಂತೆ. ನನಗೆ ಕೂಗಿಗಿಂತ ಅದರ ಮುಂದಿನ ಭಾಗ ದೊಡ್ಡದು. ಕೊಲೆಯ ಹಿಂದೆ ಕಾಕಾ ರಘುನಾಥರಾಯನೇ ಇದ್ದಾನೆಂದು, ಆಗ ಪೇಶ್ವೆಯ ಗಾದಿಯ ಮೇಲೆ ಕೂತಿದ್ದ ಅವನಿಗೇ ಎದುರಾಗಿ ತೀರ್ಪು ಕೊಟ್ಟು, ಹುದ್ದೆ ಬಿಟ್ಟು ಊರಿಗೆ ಹೊರಟುಹೋದ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ. ದೆವ್ವ ಎಲ್ಲ ಕೋಟೆಗಳಲ್ಲೂ ಸಿಗುತ್ತದೆ, ಇಂಥ ನ್ಯಾಯಾಧೀಶ ಸಿಗುವುದು ಅಪರೂಪ.

ಪಕ್ಕದ ಲಾಲ್ ಮಹಲ್ ಶಿವಾಜಿ ಬೆಳೆದ ಮನೆ, 1663ರಲ್ಲಿ ಅವನು ಮೊಗಲ ಸರದಾರ ಶಾಯಿಸ್ತಾಖಾನನ ಬೆರಳು ಕತ್ತರಿಸಿದ ಜಾಗ. ಈಗ ನಿಂತಿರುವುದು ನಗರಪಾಲಿಕೆ ಹೊಸದಾಗಿ ಕಟ್ಟಿಸಿದ್ದು. ಬೇಗ ನೋಡಿ ಹೊರಬರಬಹುದು. ದಗಡೂಶೇಠ್ ಗಣಪತಿಯ ಗುಡಿಯೂ ಅಲ್ಲೇ ಸಮೀಪ. ಆ ದಗಡೂಶೇಠರು ಲಿಂಗಾಯತ ಸಮಾಜದ ಮಿಠಾಯಿ ವ್ಯಾಪಾರಿ ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ.

ಬಸ್ಸಿನವರ ಮೇಲೆ ನನಗಿರುವ ತಕರಾರು ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದ್ದು. ಇಲ್ಲಿ ಅರ್ಧ ದಿನ ಬೇಕು, ಸಿಗುವುದು ಅವಸರದ ಒಂದು ಸುತ್ತು. ಕವಿಯೂ ಆಗಿದ್ದ ದಿನಕರ ಕೇಳ್ಕರ್ (1896–1990) ಊರೂರು ಅಲೆದು ಜೀವಮಾನವಿಡೀ ಕೂಡಿಹಾಕಿದ ಸುಮಾರು 20,000 ವಸ್ತುಗಳನ್ನು ಸರ್ಕಾರಕ್ಕೆ ಕೊಟ್ಟುಬಿಟ್ಟರು. ಚಿಕ್ಕಂದಿನಲ್ಲೇ ತೀರಿಹೋದ ಮಗ ರಾಜಾನ ಹೆಸರು ಅದಕ್ಕೆ. ಕಿರೀಟ, ಸಿಂಹಾಸನ ಹುಡುಕಬೇಡಿ. ದೀಪ, ಅಡಕೊತ್ತು, ಎಲೆಯಡಿಕೆ ಪೆಟ್ಟಿಗೆ, ಬೀಗ, ಅಡುಗೆಮನೆಯ ಪಾತ್ರೆ, ಕೆತ್ತಿದ ಬಾಗಿಲು ನೋಡಿ. ಒಂದನೆಯ ಬಾಜೀರಾಯನ ಹೆಂಡತಿ ಮಸ್ತಾನಿಯ ಮಹಲ್ ಕೂಡ, ಕೋಥರೂಡಿನಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ್ದು, ಇದರೊಳಗಿದೆ.

ಆಗಾಖಾನ್ ಅರಮನೆಗೆ ಬಂದರೆ ಪೇಶ್ವೆಗಳ ಕಾಲ ಮುಗಿದು ಗಾಂಧಿಯ ಕಾಲ. ಬರಗಾಲದಲ್ಲಿ ಸುತ್ತಲಿನ ಹಳ್ಳಿಗರಿಗೆ ಕೂಲಿ ಸಿಗಲೆಂದು ಮೂರನೆಯ ಆಗಾಖಾನ್ 1892ರಲ್ಲಿ ಕಟ್ಟಿಸಿದ್ದು. ಕ್ವಿಟ್ ಇಂಡಿಯಾ ಚಳವಳಿ ಶುರುವಾದ ಕೂಡಲೇ ಗಾಂಧೀಜಿಯನ್ನು ಇಲ್ಲಿ ಬಂಧನದಲ್ಲಿಟ್ಟರು. ಬಿಟ್ಟದ್ದು 1944ರ ಮೇ 6ಕ್ಕೆ. ಬಂದು ವಾರ ಕಳೆಯುವುದರೊಳಗೆ, 1942ರ ಆಗಸ್ಟ್ 15ರಂದು, ಕಾರ್ಯದರ್ಶಿ ಮಹದೇವ ದೇಸಾಯಿ ಹೋದರು. 1944ರ ಫೆಬ್ರುವರಿ 22ಕ್ಕೆ ಕಸ್ತೂರಬಾ. ಇಬ್ಬರ ಸಮಾಧಿಯೂ ಅರಮನೆಯ ಅಂಗಳದಲ್ಲೇ ಇದೆ.

ವಾನವಡಿಯ ಶಿಂದೆ ಛತ್ರಿ 1794ರಲ್ಲಿ ಅಲ್ಲೇ ತೀರಿಕೊಂಡ ಮರಾಠಾ ಸರದಾರ ಮಹಾದಜಿ ಶಿಂದೆಯ ಸ್ಮಾರಕ. ಕಾತ್ರಜಿನ ಮೃಗಾಲಯ ಮಕ್ಕಳಿಗಿರಲಿ. ದೊಡ್ಡವರು ನೆನಪಿಡಬೇಕಾದ್ದು ಆ ಕಾತ್ರಜ್ ಕೆರೆಯ ನೀರನ್ನು ನಾನಾಸಾಹೇಬ ಪೇಶ್ವೆ ನೆಲದಡಿಯ ಕಾಲುವೆಯಲ್ಲಿ ಪೇಟೆಯ ನೀರಿನ ತೊಟ್ಟಿಗಳಿಗೆ ಹರಿಸಿದ್ದನ್ನು.

ಬಸ್ಸು ನಿಲ್ಲಲಿ ಬಿಡಲಿ, ಕನ್ನಡಿಗರು ನೋಡದೆ ಬರಬಾರದ್ದು ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ. ವಾಹನಗಳ ಗದ್ದಲದ ಬದಿಯಲ್ಲೇ, ನೆಲಮಟ್ಟಕ್ಕಿಂತ ಕೆಳಗೆ, ಕರಿಬಂಡೆ ಕೊರೆದು ಮಾಡಿದ ಶಿವಾಲಯ. ಎದುರಿಗೆ ದುಂಡನೆಯ ನಂದಿಮಂಟಪ, ಅದೂ ಬಂಡೆಯಲ್ಲೇ ಕಡೆದದ್ದು. ಇದು ರಾಷ್ಟ್ರಕೂಟರ ಕಾಲದ್ದು. ಪುಣೆಯ ಹೆಸರು ಮೊದಲು ಕಾಣಿಸುವುದೂ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕ್ರಿ.ಶ. 758 ಮತ್ತು 768ರ ತಾಮ್ರಶಾಸನಗಳಲ್ಲಿ. ಎಲ್ಲೋರದ ಕೈಲಾಸ ಕಡೆಸಿದ ದೊರೆ ಅವನೇ. ಅದೇ ಮನೆತನ ಮುಂದೆ ನಮ್ಮ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿತು. ಧಾರವಾಡವನ್ನು ಪುಣೆ ಆಳುವುದಕ್ಕೆ ಸಾವಿರ ವರ್ಷ ಮೊದಲೇ ಪುಣೆಯನ್ನು ಕನ್ನಡದ ಅರಸರು ಆಳಿದ್ದರು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ.

ಮೊದಲ ಸಲ ಹೋಗುವವರಿಗೆ ಈ ಬಸ್ಸೇ ಸರಿ. ನಿಲ್ದಾಣಗಳ ಪಟ್ಟಿ, ದರ ಆಗಾಗ ಬದಲಾಗುವುದರಿಂದ ಪಿಎಂಪಿಎಂಎಲ್ ಕೌಂಟರಿನಲ್ಲಿ ಹಿಂದಿನ ದಿನವೇ ವಿಚಾರಿಸಿ ಸೀಟು ಹಿಡಿಯಿರಿ. ಶನಿವಾರವಾಡಾ, ಆಗಾಖಾನ್ ಅರಮನೆ, ಕೇಳ್ಕರ್ ಸಂಗ್ರಹಾಲಯಗಳಿಗೆ ಪ್ರವೇಶ ಟಿಕೆಟ್ ಇದೆ. ಸಾಧ್ಯವಾದರೆ ಇನ್ನೊಂದು ದಿನ ಉಳಿದು, ಕೇಳ್ಕರ್ ಸಂಗ್ರಹಾಲಯಕ್ಕೂ ಪಾತಾಳೇಶ್ವರಕ್ಕೂ ನಿಮ್ಮಷ್ಟಕ್ಕೆ ನೀವೇ ಹೋಗಿ ಬನ್ನಿ.