ಮೂತಿಗೆ ಐದು ರೂಪಾಯಿ

ಕಳೆದ ವರ್ಷ ಬಸವನಗುಡಿಯ ನಮ್ಮ ಮನೆಯ ಅಟ್ಟದಲ್ಲಿ ಒಂದು ವಿಮಾನ ಆರು ವಾರ ಬಿದ್ದಿತ್ತು. ಅದರ ಮೂತಿ ಮುರಿದಿತ್ತು. ಮುರಿದವನು ನಾನೇ.

ಮಾಡಿದವಳು ನನ್ನ ಮೊಮ್ಮಗಳು. ಏಳನೇ ಕ್ಲಾಸು. ದಸರಾ ರಜೆ ಪೂರ್ತಿ ನಡುಮನೆಯಲ್ಲಿ ಫೋಮ್ ಹಾಳೆ ಹರಡಿಕೊಂಡು ಕೂತಳು. ಬೊಂಬೆ ಕೂರಿಸಲು ಜಾಗ ಎಲ್ಲಿ ಎಂದು ಅವಳಜ್ಜಿ ಗೊಣಗಿದ್ದೂ ಆಯಿತು. ಮೋಟರು, ಅದರ ವೇಗವನ್ನು ಹಿಡಿತದಲ್ಲಿಡುವ ಇಎಸ್‌ಸಿ, ಬಾಲವನ್ನು ಅಲ್ಲಾಡಿಸುವ ಎರಡು ಪುಟ್ಟ ಸರ್ವೊ, ಲಿಥಿಯಂ ಪಾಲಿಮರ್ ಬ್ಯಾಟರಿ, ಇವನ್ನೆಲ್ಲ ಇಬ್ಬರೂ ಎಸ್‌.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ತಂದೆವು. ರೆಕ್ಕೆ ತುದಿಯಿಂದ ತುದಿಗೆ ಒಂದು ಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 480 ಗ್ರಾಂ.

ಹಾರಿಸುವ ಹಿಂದಿನ ದಿನ ಅವಳು ರೆಕ್ಕೆಯ ಅಡಿಗೆ ಎರಡೂ ಕಡೆ ಒಂದೊಂದು ಬೆರಳಿಟ್ಟು ವಿಮಾನವನ್ನು ಎತ್ತಿ ನೋಡಿದಳು. ಅವಳ ರೆಕ್ಕೆಯ ಅಗಲ 18 ಸೆಂಟಿಮೀಟರ್. ಇಂಥ ವಿಮಾನ ಅದರ ಮುಂಭಾಗದ ಅಂಚಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಸಮತೂಕದಲ್ಲಿ ನಿಲ್ಲಬೇಕು. ಅವಳದು ನಿಂತದ್ದು ಆರೂವರೆಯಲ್ಲಿ.

“ತಾತ, ಬಾಲ ಭಾರ ಆಗಿದೆ” ಅಂದಳು.

“ಒಂದೂವರೆ ಸೆಂಟಿಮೀಟರ್ ತಾನೇ, ಹಾರುತ್ತೆ ಬಿಡು” ಅಂದೆ ನಾನು.

ನ್ಯಾಷನಲ್ ಕಾಲೇಜ್ ಮೈದಾನ ಮನೆಗೆ ಹತ್ತಿರವೇ. ಆದರೆ ಅಲ್ಲಿ ಬೆಳಗಾದರೆ ಕ್ರಿಕೆಟ್, ಸುತ್ತ ಮನೆಗಳು, ವಿದ್ಯುತ್ ತಂತಿಗಳು. ತಿರುಗುವ ಪ್ರೊಪೆಲ್ಲರ್ ಬೆರಳನ್ನು ಸೀಳಬಲ್ಲದು. ಜನರಿರುವ ಕಡೆ ಇದನ್ನು ಹಾರಿಸಲೇಬಾರದು. ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಎಂಬುದಕ್ಕೆ 2021ರ ಡ್ರೋನ್ ನಿಯಮಗಳಿವೆ, ಕೆಂಪು, ಹಳದಿ, ಹಸಿರು ವಲಯಗಳ ನಕ್ಷೆ ಇದೆ. ಅದನ್ನು ನೋಡುವುದು ಮನೆಯ ದೊಡ್ಡವರ ಕೆಲಸ. ನಾವು ಕನಕಪುರ ರಸ್ತೆಯಾಚೆ ಪರಿಚಯದವರ ಹೊಲಕ್ಕೆ, ರಾಗಿ ಕೊಯ್ಲು ಮುಗಿದ ಮೇಲೆ, ಅವರನ್ನು ಕೇಳಿಕೊಂಡು ಹೋದೆವು.

ರೇಡಿಯೊ ಅವಳ ಕೈಯಲ್ಲಿ. ಎಸೆದವನು ನಾನು. ವಿಮಾನ ಮುಂಗಾಲೆತ್ತಿದ ಕುದುರೆಯ ಹಾಗೆ ಮೂತಿ ಎತ್ತಿತು, ಒಂದು ಗಳಿಗೆ ಗಾಳಿಯಲ್ಲಿ ನಿಂತೇಬಿಟ್ಟಿತು, ಆಮೇಲೆ ನೇರ ನೆಲಕ್ಕೆ. ಮೋಟರು ಕೂರಿಸಿದ್ದ ಪ್ಲೈವುಡ್ ತುಂಡು ಎರಡು ಹೋಳು. ಅವಳು ಅಳಲಿಲ್ಲ. ಬನಶಂಕರಿ ದಾಟಿ ಮನೆ ಸೇರುವ ತನಕ ಒಂದು ಮಾತೂ ಆಡಲಿಲ್ಲ. ಅತ್ತಿದ್ದರೇ ವಾಸಿಯಿತ್ತು.

ತಪ್ಪಾಯಿತು ಅಂದೆ. “ಪರವಾಗಿಲ್ಲ ತಾತ” ಅಂದಳು, ವಿಮಾನವನ್ನು ಅಟ್ಟಕ್ಕೆ ಹಾಕಿದಳು.

ಒಂದು ಭಾನುವಾರ ಅವಳನ್ನು ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಮಾರುತ ಇದೆ, ನಮ್ಮ ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಜೆಟ್ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ಮುಖ್ಯ ವಿನ್ಯಾಸಕಾರ. ಅದು 1961ರ ಜೂನ್ 17ರಂದು ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಎಚ್‌ಎಎಲ್ ಹತ್ತಿರದ ಸುರಂಜನ್ ದಾಸ್ ರಸ್ತೆಗೆ ಹೆಸರು ಬಂದದ್ದು ಅವರಿಂದಲೇ. ನಾನು ಅವಳಿಗೆ ಹೇಳಬೇಕೆಂದಿದ್ದ ಕಥೆ ಅದಕ್ಕೂ ಹಿಂದಿನದು. ಎಂಜಿನ್ ಇಡುವ ಮೊದಲು, 1959ರಲ್ಲಿ, ಅದೇ ಆಕಾರದ ಮರದ ಗ್ಲೈಡರ್ ಒಂದನ್ನು ಕಟ್ಟಿದರು. ಡಕೋಟಾ ವಿಮಾನ ಅದನ್ನು ಹಗ್ಗದಲ್ಲಿ ಎಳೆದು ಮೇಲಕ್ಕೊಯ್ದು ಬಿಡುತ್ತಿತ್ತು. ಹೀಗೆ 70ಕ್ಕೂ ಹೆಚ್ಚು ಸಲ ತೇಲಿಸಿ ನೋಡಿದರು.

“ನಾವು ಒಂದು ಸಲಾನೂ ತೇಲಿಸಿ ನೋಡಲಿಲ್ಲ” ಅಂದಳು. ‘ನಾವು’ ಅಂದದ್ದು ಅವಳ ದೊಡ್ಡತನ.

ಆ ರಾತ್ರಿಯೇ ವಿಮಾನ ಅಟ್ಟದಿಂದ ಇಳಿಯಿತು.

ಬಾಲ ಭಾರವಾದರೆ ಏನಾಗುತ್ತದೆ ಗೊತ್ತೇ ಮಕ್ಕಳೇ? ಮೂತಿ ಸ್ವಲ್ಪ ಎದ್ದರೆ ಅದು ತಾನಾಗಿ ಕೆಳಗಿಳಿಯುವುದಿಲ್ಲ, ಇನ್ನೂ ಏಳುತ್ತದೆ. ವೇಗ ಸತ್ತು ರೆಕ್ಕೆಗೆ ಎತ್ತುವ ಶಕ್ತಿ ಉಳಿಯುವುದಿಲ್ಲ. ರೈಟ್ ಸೋದರರೂ ಈ ಕಾಟ ಉಂಡವರೇ. 1904ರಲ್ಲಿ ತಮ್ಮ ವಿಮಾನದ ಮುಂದುಗಡೆ ಸುಮಾರು 30 ಕಿಲೋ ಕಬ್ಬಿಣ ಕಟ್ಟಿದ್ದರು.

ನಮಗೆ ಎಷ್ಟು ಬೇಕು? ಇದು ಏತಂಪಾತದ ಲೆಕ್ಕ. 480 ಗ್ರಾಂ ವಿಮಾನದ ಸಮತೂಕದ ಜಾಗ 1.5 ಸೆಂಟಿಮೀಟರ್ ಮುಂದೆ ಬರಬೇಕಾದರೆ, ಗುಣಿಸಿದಾಗ 720. ಬ್ಯಾಟರಿ 120 ಗ್ರಾಂ. ಅದನ್ನು 4 ಸೆಂಟಿಮೀಟರ್ ಮುಂದಕ್ಕೆ ತಳ್ಳಿದರೆ 480 ಸಿಕ್ಕಿತು. ಇನ್ನೂ ತಳ್ಳಲು ಜಾಗವಿಲ್ಲ. ಉಳಿದದ್ದು 240. ಮೂತಿ ಇರುವುದು 24 ಸೆಂಟಿಮೀಟರ್ ದೂರದಲ್ಲಿ, ಅಂದರೆ ಅಲ್ಲಿ 10 ಗ್ರಾಂ ಸಾಕು. ಅಜ್ಜಿಯ ಡಬ್ಬಿಯಲ್ಲಿ ಹಳೆಯ ದಪ್ಪ ಐದು ರೂಪಾಯಿ ನಾಣ್ಯಗಳಿದ್ದವು. ಒಂದರ ತೂಕ 9 ಗ್ರಾಂ. ಅಂಟಿಸಿದೆವು. ಬೆರಳ ಮೇಲೆ ವಿಮಾನ ಅಲ್ಲಾಡದೆ ನಿಂತಿತು.

ಸಂಕ್ರಾಂತಿ ಕಳೆದ ಭಾನುವಾರ, ಗಾಳಿ ಏಳುವ ಮೊದಲೇ ಮತ್ತೆ ಹೊಲದಲ್ಲಿದ್ದೆವು. ಮೊದಲು ರೇಡಿಯೊ ಚಾಲೂ, ಆಮೇಲೆ ಬ್ಯಾಟರಿ. ಬಿಚ್ಚುವಾಗ ಮೊದಲು ಬ್ಯಾಟರಿ. ಕಡ್ಡಿ ಎಡಕ್ಕೆ ಎಳೆದರೆ ಬಾಲದ ಚುಕ್ಕಾಣಿಯೂ ಎಡಕ್ಕೇ ಹೋಗುತ್ತದೆಯೇ ಎಂದು ನಾನು ನೋಡುವ ಮೊದಲೇ ಅವಳು ನೋಡಿಯಾಗಿತ್ತು.

“ನೀನೇ ಎಸಿ ತಾತ” ಅಂದಳು. ನಾನು ಕೇಳಿರಲಿಲ್ಲ.

ಮೋಟರು ಬಂದ್. ಗಾಳಿಗೆ ಎದುರಾಗಿ, ಮೂತಿ ನೆಲಕ್ಕೆ ಸಮನಾಗಿ ಹಿಡಿದು, ಮೆಲ್ಲಗೆ ಎಸೆದೆ. ಹದಿನೈದು ಹೆಜ್ಜೆ ದೂರ ತೇಲಿ ಹೊಟ್ಟೆಯ ಮೇಲೆ ಇಳಿಯಿತು. ನಾಲ್ಕು ಸಲ ಹೀಗೆ.

ಆಮೇಲೆ ಮೋಟರು ಹಾಕಿ ಎಸೆದೆ. ಹಾರಿತು! ಆದರೆ ವೇಗ ಕೊಟ್ಟಾಗಲೆಲ್ಲ ಮೂತಿ ಏರುತ್ತಿತ್ತು, ಜೊತೆಗೆ ಎಡಕ್ಕೆ ವಾಲುತ್ತಿತ್ತು. ಇಳಿಸಿದಳು. ಎರಡನ್ನೂ ಒಟ್ಟಿಗೆ ಸರಿಮಾಡೋಣ ಅಂದೆ. “ಬೇಡ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ” ಅಂದು ಮೋಟರಿನ ಮೇಲಿನ ಸ್ಕ್ರೂಗಳ ಹಿಂದೆ ಮಾತ್ರ ತೆಳು ವಾಷರ್ ಇಟ್ಟಳು. ಮೋಟರು ಕೂದಲೆಳೆಯಷ್ಟು ಕೆಳಮುಖವಾಯಿತು. ಮತ್ತೆ ಹಾರಿಸಿದಳು. ಏರುವುದು ನಿಂತಿತು, ವಾಲುವುದು ಉಳಿಯಿತು. ಪ್ರೊಪೆಲ್ಲರ್ ಬಲಕ್ಕೆ ತಿರುಗಿದರೆ ವಿಮಾನದ ಮೈ ಎಡಕ್ಕೆ ಹೊರಳಲು ನೋಡುತ್ತದೆ. ಅದಕ್ಕೆ ಎಡಗಡೆಯ ಸ್ಕ್ರೂಗೆ ಇನ್ನೊಂದು ವಾಷರ್, ಮೋಟರು ತುಸು ಬಲಮುಖ. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ನನಗೆ ಚಳಿ, ಕಾಫಿ ಫ್ಲಾಸ್ಕು ಖಾಲಿ. ಅವಳಿಗೆ ಆತುರವೇ ಇಲ್ಲ.

ಐದನೆಯ ಹಾರಾಟದಲ್ಲಿ ವಿಮಾನ ದಾರ ಹಿಡಿದಂತೆ ನೇರ ಹೋಯಿತು. ತಿರುಗಿ ನಮ್ಮ ಕಡೆ ಬರುವಾಗ ಎಡ ಬಲ ಅದಲುಬದಲಾಗುತ್ತದೆ. ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿ ತಳ್ಳಬೇಕು. ಅದನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ಎಂಟು ಸುತ್ತು ಹಾಕಿದಳು. ಐದು ನಿಮಿಷಕ್ಕೆ ಗಂಟೆ ಬಾರಿಸಿತು, ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ಇಳಿಸಿದಳು. ಪ್ರೊಪೆಲ್ಲರಿಗೆ ಒಂದು ರಾಗಿ ಕೂಳೆ ಸಿಕ್ಕಿಕೊಂಡಿತ್ತು, ಅಷ್ಟೆ.

ನಾಣ್ಯ ಇನ್ನೂ ಮೂತಿಯಲ್ಲೇ ಇದೆ. ಅಜ್ಜಿ ಎರಡು ಸಲ ವಾಪಸ್ ಕೇಳಿಯಾಗಿದೆ.