ಕೇದಾರದಲ್ಲಿ ಒಂದು ರಾತ್ರಿ

ಅಮೆರಿಕದಲ್ಲಿ ನಾವಿರುವ ಮಿಲ್ ಕ್ರೀಕ್‌ನಿಂದ ಐ-5 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ, ಮೋಡವಿಲ್ಲದ ದಿನ ಮೌಂಟ್ ಬೇಕರ್ ಕಾಣುತ್ತದೆ. ಬೇಸಿಗೆಯಲ್ಲೂ ಹಿಮ ಹೊದ್ದ ಬೆಟ್ಟ, ಎತ್ತರ 3,286 ಮೀಟರ್. ಅದರ ತುದಿ ಮುಟ್ಟಬೇಕಾದರೆ ಹಗ್ಗ, ಮುಳ್ಳು ಕಟ್ಟಿದ ಬೂಟು, ಜೊತೆಗೆ ದಾರಿ ಬಲ್ಲವರು ಬೇಕು. ಕೇದಾರನಾಥನ ಗುಡಿ ಇರುವುದು 3,583 ಮೀಟರಿನಲ್ಲಿ, ಬೇಕರ್‌ನ ತುದಿಗಿಂತ ಸುಮಾರು ಮುನ್ನೂರು ಮೀಟರ್ ಮೇಲೆ. ಅಲ್ಲಿಗೆ ನಮ್ಮ ಅಜ್ಜಿಯಂದಿರು ಸೀರೆಯುಟ್ಟು, ಕೋಲೂರಿಕೊಂಡು ಹತ್ತುತ್ತಾರೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಭಯವಾಯಿತು. ಹೋಗಲೇಬೇಕು ಅನ್ನಿಸಿದ್ದೂ ಆಗಲೇ.

ಹಟ ಮೊದಲಿಂದಲೂ ಅಮ್ಮನದು. ಬಾಳೆಹೊನ್ನೂರಿನ ಕಡೆಯವಳು, ರಂಭಾಪುರಿ ಪೀಠದ ಜಾತ್ರೆ ನೋಡುತ್ತ ಬೆಳೆದವಳು. ವೀರಶೈವರ ಪಂಚಪೀಠಗಳಲ್ಲಿ ಉಜ್ಜಯಿನಿ, ಶ್ರೀಶೈಲ, ಕಾಶಿ ನೋಡಿಯಾಗಿತ್ತು, ಕೇದಾರ ಒಂದು ಉಳಿದಿತ್ತು. ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದವಳು ದಿನಾ ಬೆಳಗ್ಗೆ ನಾರ್ತ್ ಕ್ರೀಕ್ ಹೊಳೆಯ ಬದಿಯ ದಾರಿಯಲ್ಲಿ ಮಳೆಗೂ ಜಗ್ಗದೆ ನಡೆದಳು. ಶನಿವಾರಗಳಲ್ಲಿ ನಾನು ಮೌಂಟ್ ಪಿಲ್ಚಕ್ ಹತ್ತಿ ಇಳಿದೆ. ಅಲ್ಲಿ ಏರಬೇಕಾದದ್ದು ಸುಮಾರು 700 ಮೀಟರ್. ಗೌರಿಕುಂಡದಿಂದ ಕೇದಾರಕ್ಕೆ 1,600 ಮೀಟರ್.

ಅಕ್ಟೋಬರಿನಲ್ಲಿ ಹೊರಟೆವು. ಮಳೆಗಾಲ ಮುಗಿದಿರುತ್ತದೆ, ಗುಡಿಯ ಬಾಗಿಲು ಇನ್ನೂ ತೆರೆದಿರುತ್ತದೆ, ಮೇ-ಜೂನ್ ತಿಂಗಳ ನೂಕುನುಗ್ಗಲು ಇರುವುದಿಲ್ಲ. ಹೃಷಿಕೇಶ ದಾಟಿ ದೇವಪ್ರಯಾಗ, ಆಮೇಲೆ ರುದ್ರಪ್ರಯಾಗ. ಅಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ಗುಂಟ ಮೇಲೇರಬೇಕು. ಗುಪ್ತಕಾಶಿಯಲ್ಲಿ ಎರಡು ರಾತ್ರಿ ಇದ್ದೆವು. ಕಣಿವೆಯ ಆಚೆ ದಡದಲ್ಲಿ ಊಖೀಮಠ. ಹಿಮ ಬಿದ್ದು ಕೇದಾರದ ಬಾಗಿಲು ಹಾಕಿದ ಮೇಲೆ ಸ್ವಾಮಿಗೆ ಆರು ತಿಂಗಳು ಪೂಜೆ ನಡೆಯುವುದು ಅಲ್ಲಿಯ ಓಂಕಾರೇಶ್ವರ ಗುಡಿಯಲ್ಲಿ. ಕೇದಾರ ಪೀಠ, ಅಂದರೆ ಏಕೋರಾಮಾರಾಧ್ಯರ ಪರಂಪರೆಯ ವೈರಾಗ್ಯ ಸಿಂಹಾಸನ, ಇರುವುದೂ ಅಲ್ಲೇ. ಅಮ್ಮ ಆ ಗುಡಿಯ ಮೆಟ್ಟಿಲ ಮೇಲೆ ಕುಳಿತು, "ಇಲ್ಲಿಗೆ ಬಂದದ್ದೇ ಅರ್ಧ ಆಯ್ತು" ಅಂದಳು.

ಸೋನಪ್ರಯಾಗದಿಂದ ಗೌರಿಕುಂಡಕ್ಕೆ ಐದು ಕಿಲೋಮೀಟರ್ ಜೀಪು. ಅಲ್ಲಿಂದ ಕಾಲೇ ಗತಿ. ಮೊದಲರ್ಧ ಕಾಡಿನ ನೆರಳು, ಮಂದಾಕಿನಿಯ ಸದ್ದು, ತಿರುವಿಗೊಂದು ಚಹಾದಂಗಡಿ. ಹೇಸರಗತ್ತೆಗಳ ಸಾಲು ಗಂಟೆ ಅಲ್ಲಾಡಿಸಿಕೊಂಡು ಬಂದಾಗಲೆಲ್ಲ ಬೆಟ್ಟದ ಕಡೆಗೆ ಒತ್ತಿ ನಿಲ್ಲಬೇಕು, ಕಣಿವೆಯ ಕಡೆಗೆ ಸರಿದರೆ ಅಪಾಯ. ಆ ಪ್ರಾಣಿಗಳ ಪಾಡು ಕಣ್ಣಿಂದ ನೋಡಲಾಗುವುದಿಲ್ಲ. ಒಂದು ಹೇಸರಗತ್ತೆ ಒದ್ದೆ ಕಲ್ಲಿನ ಮೇಲೆ ಮುಂಗಾಲು ಜಾರಿ ಮೊಣಕಾಲೂರಿತು. ಬೆನ್ನ ಮೇಲಿದ್ದವರು ನನ್ನ ವಯಸ್ಸಿನವರು, ಗಟ್ಟಿಮುಟ್ಟಾಗಿದ್ದರು. ನಡೆಯಲು ಶಕ್ತಿ ಇರುವವರು ದಯವಿಟ್ಟು ನಡೆದೇ ಹೋಗಬೇಕು.

ಭೀಮಬಲಿ ದಾಟಿ ಸ್ವಲ್ಪ ಮೇಲೆ ರಾಮಬಾಡಾ. ಒಂದು ಕಾಲಕ್ಕೆ ಯಾತ್ರಿಕರು ಉಂಡು ದಣಿವಾರಿಸಿಕೊಳ್ಳುತ್ತಿದ್ದ ಜಾಗ. ಈಗ ಕಾಣುವುದು ಬರೀ ಕಲ್ಲು. 2013ರ ಜೂನ್ 16ರ ರಾತ್ರಿ ಮತ್ತು 17ರ ಬೆಳಗ್ಗೆ ಬಂದ ನೀರು ಇಡೀ ನೆಲೆಯನ್ನು ಕೊಚ್ಚಿಕೊಂಡು ಹೋಯಿತು. ಹಳೆಯ ದಾರಿ 14 ಕಿಲೋಮೀಟರ್ ಇತ್ತು. ಈಗ ಇಲ್ಲಿ ಸೇತುವೆ ದಾಟಿ ಎದುರು ದಡದ ಹೊಸ ದಾರಿ ಹಿಡಿಯಬೇಕು, ಒಟ್ಟು 16ಕ್ಕೂ ಹೆಚ್ಚು. ಸೇತುವೆಯ ಮೇಲೆ ನಿಂತು ನೋಡಿದರೆ ಹಳೆಯ ದಾರಿಯ ತುಂಡುಗಳು ಬೆಟ್ಟದ ಮೈಮೇಲೆ ಅಲ್ಲಲ್ಲಿ ಕಾಣುತ್ತವೆ. ಒಂದು ಗೆರೆ ಹೊರಟು, ಸ್ವಲ್ಪ ದೂರ ಹೋಗಿ, ಇದ್ದಕ್ಕಿದ್ದಂತೆ ಮುಗಿಯುತ್ತದೆ. ಅಮ್ಮ ಚೀಲದಿಂದ ಒಂದು ಹೂ ತೆಗೆದು ನೀರಿಗೆ ಹಾಕಿದಳು, ಏನೂ ಮಾತಾಡಲಿಲ್ಲ.

ಲಿಂಚೋಲಿಯ ಏರು ಕಡಿದಾದದ್ದು. ನನಗೆ ತಲೆನೋವು ಶುರುವಾದದ್ದು ಅಲ್ಲೇ. ಬೋಥೆಲ್‌ನ ನಮ್ಮ ವೆಂಕಟೇಶ್ವರ ಗುಡಿಗೆ ಕಾರಿನಲ್ಲಿ ಹೋಗಿ ಬರುವ ದೇಹಕ್ಕೆ ಈ ತೆಳುಗಾಳಿ ಹೊಸದು. ಕೇದಾರದ ಎತ್ತರದಲ್ಲಿ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಆಮ್ಲಜನಕ ಸಿಗುತ್ತದೆ. ಹಟ ಮಾಡದೆ ಅಲ್ಲೇ ಗುಡಾರದಲ್ಲಿ ರಾತ್ರಿ ಕಳೆದೆವು. ಬೆಳಗ್ಗೆ ನೋವು ಇಳಿದಿತ್ತು. ಅಮ್ಮನಿಗೆ ಏನೂ ಆಗಿರಲಿಲ್ಲ.

ಕೊನೆಯ ತಿರುವು ದಾಟಿದಾಗ ಕಣಿವೆ ಅಗಲವಾಗಿ ಬಿಚ್ಚಿಕೊಂಡಿತು. ಹಿಮಶಿಖರಗಳ ಗೋಡೆ, ಅದರ ಬುಡದಲ್ಲಿ ಬೂದು ಕಲ್ಲಿನ ಗುಡಿ. ನಮ್ಮ ಬೇಲೂರು, ಹಳೇಬೀಡಿನ ಕುಸುರಿ ಇಲ್ಲಿಲ್ಲ. ದಪ್ಪ ದಪ್ಪ ಚಪ್ಪಡಿಗಳನ್ನು ಒಂದರ ಮೇಲೊಂದು ಕೂರಿಸಿದ ಕಟ್ಟಡ, ಮುಂದೆ ಕಲ್ಲಿನ ನಂದಿ. ಒಳಮಂಟಪದಲ್ಲಿ ಪಾಂಡವರು, ದ್ರೌಪದಿ. ಗುಡಿಯ ಹಿಂದೆ ಭೀಮಶಿಲೆ. 2013ರಲ್ಲಿ ಚೋರಾಬಾಡಿ ಕೆರೆ ಒಡೆದು ನುಗ್ಗಿದಾಗ ನೀರಿನ ಜೊತೆ ಉರುಳಿ ಬಂದ ಈ ಬಂಡೆ ಗುಡಿಯ ಬೆನ್ನಿಗೆ ನಿಂತಿತು, ಪ್ರವಾಹ ಎರಡು ಕವಲಾಗಿ ಪಕ್ಕಕ್ಕೆ ಹರಿಯಿತು. ಉತ್ತರಾಖಂಡದಲ್ಲಿ ಆ ಸಲ ಐದು ಸಾವಿರಕ್ಕೂ ಹೆಚ್ಚು ಜನ ಇಲ್ಲವಾದರು. ಬಂಡೆಗೆ ಜನ ಕುಂಕುಮ ಹಚ್ಚುತ್ತಾರೆ. ನಾನು ಕೈ ಮುಗಿದೆ, ಆದರೆ ಮನಸ್ಸು ಇನ್ನೂ ರಾಮಬಾಡಾದ ಆ ಬರಿ ಕಲ್ಲಿನಲ್ಲೇ ಇತ್ತು.

ಅದೇ ಪ್ರವಾಹದಲ್ಲಿ ಶಂಕರಾಚಾರ್ಯರ ಸಮಾಧಿಯೂ ಹೋಗಿತ್ತು. ಈಗ ಗುಡಿಯ ಹಿಂದೆ ನೆಲಕ್ಕಿಂತ ಕೆಳಗೆ ಹೊಸ ಸಮಾಧಿ ಸ್ಥಳ, ಅಲ್ಲಿ 12 ಅಡಿ ಎತ್ತರದ ಶಂಕರರು ಪದ್ಮಾಸನದಲ್ಲಿ ಕುಳಿತಿದ್ದಾರೆ. ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಮೂರ್ತಿ ಅದು, 2021ರ ನವೆಂಬರ್ 5ರಂದು ಅನಾವರಣಗೊಂಡಿತು. ನಮ್ಮೂರಿನ ಕಲ್ಲುಕುಟಿಗರ ಉಳಿ ಮಾಡಿದ ಕೆಲಸವನ್ನು ಹಿಮಾಲಯದ ಬುಡದಲ್ಲಿ ನೋಡುವಾಗ ಗಂಟಲು ಕಟ್ಟಿತು.

ಸಂಜೆಯ ಆರತಿಗೆ ಸ್ವಾಮಿಗೆ ಪೂರ್ತಿ ಅಲಂಕಾರ, ದೂರದಿಂದಲೇ ದರ್ಶನ. ಮುಟ್ಟಬೇಕಾದರೆ ಬೆಳಗಿನ ಜಾವದ ಪೂಜೆಗೆ ಹೋಗಬೇಕು, ಅದಕ್ಕೆ ಚೀಟಿ ಬರೆಸಿದ್ದೆವು. ಗರ್ಭಗುಡಿಯಲ್ಲಿರುವುದು ನಾವು ನೋಡಿರುವಂಥ ನುಣುಪು ಲಿಂಗವಲ್ಲ, ಎತ್ತಿನ ಹಿಣಿಲಿನಂತೆ ಮೂರು ಮೂಲೆಯಾಗಿ ಎದ್ದ ಒರಟು ಬಂಡೆ. ಪಾಂಡವರಿಂದ ತಪ್ಪಿಸಿಕೊಳ್ಳಲು ಎತ್ತಿನ ರೂಪದಲ್ಲಿ ಭೂಮಿಗೆ ಇಳಿಯುತ್ತಿದ್ದ ಶಿವನನ್ನು ಭೀಮ ಹಿಡಿದನಂತೆ, ಹಿಣಿಲು ಮಾತ್ರ ಇಲ್ಲಿ ಉಳಿಯಿತಂತೆ. ಭೀಮನ ಹಿಡಿತದ ಆ ನೋವಿಗೆ ಭಕ್ತರು ತುಪ್ಪ ಹಚ್ಚುತ್ತಾರೆ. ನಮ್ಮ ಕೈಗೆ ಬಂದ ತುಪ್ಪ ಚಳಿಗೆ ಮೇಣದಂತೆ ಗಟ್ಟಿಯಾಗಿತ್ತು. ಅಂಗೈಗಳ ನಡುವೆ ತಿಕ್ಕಿ ತಿಕ್ಕಿ ಕರಗಿಸಿ ಅಮ್ಮ ಬಂಡೆಗೆ ನೀವಿದಳು, ಚಿಕ್ಕಂದಿನಲ್ಲಿ ನನಗೆ ಹರಳೆಣ್ಣೆ ನೀವುತ್ತಿದ್ದ ಹಾಗೆಯೇ. ಆಮೇಲೆ ಹಣೆ ಹಚ್ಚಿ, ಎರಡೂ ತೋಳುಗಳಿಂದ ಬಂಡೆಯನ್ನು ತಬ್ಬಿಕೊಂಡಳು.

"ಸಾಕಮ್ಮ, ಹಿಂದೆ ಜನ ಇದ್ದಾರೆ" ಅಂದೆ. ಅರ್ಚಕರು ತಿರುಗಿ ನೋಡಿದರು. "ಯಾವೂರ್ರೀ ನಿಮ್ದು?" ಅಂದರು.

"ಬಾಳೆಹೊನ್ನೂರು ಹತ್ರ" ಅಂದಳು ಅಮ್ಮ.

"ಹಂಗಾದ್ರ ನಮ್ಮ ಮಂದೀನ ಬಿಡ್ರಿ. ಸಾವಕಾಶ ಮಾಡ್ರಿ."

ಕೇದಾರದ ರಾವಲ್, ಅಂದರೆ ಪ್ರಧಾನ ಅರ್ಚಕರು, ವೀರಶೈವ ಪರಂಪರೆಯವರು. ಅವರು ಸ್ವತಃ ಪೂಜೆಗೆ ಕೂರುವುದಿಲ್ಲ. ಅವರ ಅಪ್ಪಣೆಯಂತೆ ಪೂಜಿಸುವ ಅರ್ಚಕರೂ ಅದೇ ಸಮುದಾಯದವರು, ಕರ್ನಾಟಕದ ಕಡೆಯವರು. ಬದರಿಯಲ್ಲಿ ಕೇರಳದ ನಂಬೂದಿರಿಗಳು, ಕಾಠ್ಮಂಡುವಿನ ಪಶುಪತಿನಾಥನಲ್ಲಿ ಕರ್ನಾಟಕ ಮೂಲದ ಭಟ್ಟರು. ಈ ಏರ್ಪಾಡನ್ನು ಪುಸ್ತಕದಲ್ಲಿ ಓದಿದ್ದೆ. ಆ ಚಳಿಯ ಜಾವದಲ್ಲಿ ನಮ್ಮ ಉತ್ತರ ಕರ್ನಾಟಕದ "ಬಿಡ್ರಿ" ಕೇಳಿದಾಗ ಅದರ ಬೆಲೆ ಗೊತ್ತಾಯಿತು.

ಹೆಲಿಕಾಪ್ಟರಿನಲ್ಲಿ ಬಂದು ಅಂದೇ ಇಳಿಯುವವರಿಗೆ ಈ ಜಾವ ಸಿಗುವುದಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಅದು ಬೇಕು, ಅವರನ್ನು ತಪ್ಪೆನ್ನಲಾರೆ. ಆದರೆ ಕಾಲಿರುವವರು, ಅದರಲ್ಲೂ ನಮ್ಮಂತೆ ಸಮುದ್ರದ ಮಗ್ಗುಲಿನ ಊರುಗಳಿಂದ ಹೋಗುವವರು, ರಜೆಗೆ ಎರಡು ದಿನ ಹೆಚ್ಚು ಸೇರಿಸಿಕೊಳ್ಳಿ. ಯಾತ್ರೆಯ ನೋಂದಣಿ ಕಡ್ಡಾಯ, ಅದನ್ನು ಮೊದಲೇ ಮಾಡಿಸಿ. ಜುಲೈ-ಆಗಸ್ಟ್ ಬೇಡ. ಗುಪ್ತಕಾಶಿಯಲ್ಲಿ ಒಂದು ರಾತ್ರಿ, ದಾರಿಯಲ್ಲಿ ಒಂದು ರಾತ್ರಿ, ಗುಡಿಯ ಮುಂದೆ ಒಂದು ರಾತ್ರಿ ಉಳಿಯಿರಿ. ದೀಪಾವಳಿ ಕಳೆದು ಯಮದ್ವಿತೀಯದಂದು ಬಾಗಿಲು ಹಾಕುತ್ತಾರೆ, ಮತ್ತೆ ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದಲ್ಲಿ ಸಾರುತ್ತಾರೆ.