ಸುರುಳಿ ಸಡಿಲಿಸಿದರೆ ಹೂವು

ಕಾಗದದ ಪಟ್ಟಿ ಸುತ್ತಿ ಆಕಾರ ಮಾಡುವ ಕಲೆಯೇ ಕ್ವಿಲ್ಲಿಂಗ್. ಅದರ ಕಿಟ್ ಬಿಚ್ಚಿದರೆ ಒಳಗಿರುವುದು ಅಷ್ಟೇನೂ ಬೆರಗಾಗುವಂಥ ಸಾಮಾನಲ್ಲ. ಬಣ್ಣಬಣ್ಣದ ಕಾಗದದ ಪಟ್ಟಿಗಳು, ತುದಿಯಲ್ಲಿ ಸೀಳಿರುವ ಸೂಜಿಯಂಥ ಕಡ್ಡಿ, ಚಿಮಟ, ಬಿಳಿ ಗೋಂದಿನ ಪುಟ್ಟ ಸೀಸೆ, ಬೇರೆಬೇರೆ ಅಳತೆಯ ದುಂಡನೆ ಕುಳಿಗಳಿರುವ ಹಲಗೆ, ನಡುವೆ ಮಡಚಿದ ದಪ್ಪ ಕಾರ್ಡು. ಪಟ್ಟಿಯ ಅಗಲ ಹೆಚ್ಚಾಗಿ 3 ಅಥವಾ 5 ಮಿಲಿಮೀಟರ್. ಶುಭಾಶಯ ಪತ್ರದ ಮೇಲೆ ಹೂ ಅರಳಿಸಲು ಇಷ್ಟು ಸಾಕು.

ಮೊದಲಿಗೆ ನಂದಿಬಟ್ಟಲು ಮಾಡುವುದು ಒಳ್ಳೆಯದು. ಐದೇ ಎಸಳು, ಕಡುಹಸಿರು ಕಾರ್ಡಿನ ಮೇಲೆ ಬಿಳುಪು ಎದ್ದು ಕಾಣುತ್ತದೆ. ಪಟ್ಟಿಯ ತುದಿಯನ್ನು ಕಡ್ಡಿಯ ಸೀಳಿಗೆ ಸಿಕ್ಕಿಸಿ, ಅಂಚು ಅಂಚಿಗೆ ಕೂಡುವಂತೆ ಕೊನೆಯವರೆಗೂ ಸುತ್ತಬೇಕು. ಸುತ್ತುವುದು ಯಾರಿಗಾದರೂ ಬೇಗ ಬರುತ್ತದೆ. ಕೈಚಳಕವೆಲ್ಲ ಇರುವುದು ಆಮೇಲೆ, ಬಿಡುವುದರಲ್ಲಿ. ಸುರುಳಿಯನ್ನು ಹಲಗೆಯ ಕುಳಿಯೊಳಗಿಟ್ಟು ಬೆರಳು ತೆಗೆದರೆ ಕಾಗದ ತಾನಾಗಿ ಬಿಚ್ಚಿಕೊಂಡು ಕುಳಿ ತುಂಬುತ್ತದೆ. ಐದು ಎಸಳಿಗೂ ಅದೇ ಉದ್ದದ ಪಟ್ಟಿ, ಅದೇ ಕುಳಿ; ಆಗಲೇ ಎಸಳುಗಳು ಸಮನಾಗುವುದು. ಹೊರತುದಿಗೆ ಗೋಂದು ಮುಟ್ಟಿಸಿ, ಒಂದು ಬದಿಯನ್ನು ಚಿವುಟಿದರೆ ನೀರಹನಿಯ ಆಕಾರ, ಎರಡೂ ಬದಿ ಚಿವುಟಿದರೆ ಕಣ್ಣಿನ ಆಕಾರ. ಹನಿ ಎಸಳಾಗುತ್ತದೆ, ಹಸಿರು ಕಣ್ಣು ಎಲೆಯಾಗುತ್ತದೆ.

ಗೋಂದು ಸಾಸಿವೆಕಾಳಿನಷ್ಟು ಸಾಕು. ಹೆಚ್ಚಾದರೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಬಿಚ್ಚಿಕೊಳ್ಳುವ ಕಸುವೇ ಹೋಗುತ್ತದೆ.

ಈ ಕಲೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಕಾಗದದ ಅಂಚಿಗೆ ಸಿಗುವ ಮರ್ಯಾದೆ. ಬರೆಯಲು, ಬಣ್ಣ ಹಚ್ಚಲು, ಪೊಟ್ಟಣ ಕಟ್ಟಲು ನಾವು ಬಳಸುವುದು ಹಾಳೆಯ ಮೈಯನ್ನು. ಇಲ್ಲಿ ಪಟ್ಟಿ ನೆಟ್ಟಗೆ ನಿಲ್ಲುತ್ತದೆ, ಅದರ ಅಂಚೇ ಗೆರೆಯಾಗುತ್ತದೆ. ಗೆರೆಗೆ ಎತ್ತರವೂ ಇರುವುದರಿಂದ ಪ್ರತಿ ಸುತ್ತಿನ ಪಕ್ಕದಲ್ಲೂ ಒಂದು ತೆಳು ನೆರಳು ಬೀಳುತ್ತದೆ. ಒಂದೇ ಬಿಳಿಯಲ್ಲಿ ಹಲವು ಛಾಯೆ ಕಾಣುವುದು ಹಾಗೆ.

ಸೇವಂತಿಗೆಯ ದಾರಿ ಬೇರೆ. ಅದಕ್ಕೆ 10 ಮಿಲಿಮೀಟರ್ ಅಗಲದ ಹಳದಿ ಪಟ್ಟಿ ಬೇಕು. ಒಂದು ಅಂಚನ್ನು ಮುಟ್ಟದೆ, ಇನ್ನೊಂದು ಅಂಚಿನಿಂದ ಒತ್ತೊತ್ತಾಗಿ ಕತ್ತರಿಸುತ್ತ ಹೋಗಬೇಕು. ಸಣ್ಣಗೆ ಕತ್ತರಿಸಿದಷ್ಟೂ ಹೂವು ಚೆಂದ. ಇದರ ತುದಿಗೆ 3 ಮಿಲಿಮೀಟರ್‌ನ ಕಡುಬಣ್ಣದ ಪಟ್ಟಿಯನ್ನು ಅಂಟಿಸಿ, ಅಲ್ಲಿಂದಲೇ ಬಿಗಿಯಾಗಿ ಸುತ್ತಿದರೆ ನಡುವಿನ ಬೊಟ್ಟು ಸಿದ್ಧ. ಈ ಸುರುಳಿಯನ್ನು ಸಡಿಲಿಸಬಾರದು. ಬುಡಕ್ಕೆ ಗೋಂದು ಹಾಕಿ ಒಣಗಿದ ಮೇಲೆ ಹೆಬ್ಬೆರಳಿನಿಂದ ಎಳೆಗಳನ್ನು ಹೊರಕ್ಕೆ ಬಾಗಿಸುತ್ತ ಬಂದರೆ ಹೂವು ಅಂಗೈಯಲ್ಲೇ ಅರಳುತ್ತದೆ.

ಈ ಕಲೆ ಹಳೆಯದು. ಹಿಂದೆ ಯುರೋಪಿನ ಕ್ರೈಸ್ತ ಮಠಗಳಲ್ಲಿ ಚಿನ್ನದ ಅಂಚಿನ ಕಾಗದ ಸುತ್ತಿ ಪವಿತ್ರ ವಸ್ತುಗಳನ್ನು ಸಿಂಗರಿಸುತ್ತಿದ್ದರು. 18ನೇ ಶತಮಾನದಲ್ಲಿ ಇದು ಇಂಗ್ಲೆಂಡಿನ ಸಿರಿವಂತ ಹೆಂಗಸರ ಹವ್ಯಾಸವಾಯಿತು. 1791ರಲ್ಲಿ ಮೂರನೇ ಜಾರ್ಜ್ ದೊರೆಯ ಮಗಳು ಎಲಿಜಬೆತ್‌ಗೆ ಅರಮನೆಯ ಪೀಠೋಪಕರಣ ತಯಾರಕನೊಬ್ಬ 15 ಔನ್ಸ್ ಕಾಗದ, ಒಂದು ಔನ್ಸ್ ಚಿನ್ನದ ಕಾಗದ ಮತ್ತು ಅವನ್ನು ಅಂಟಿಸಲೆಂದೇ ಮಾಡಿದ ಪೆಟ್ಟಿಗೆಯನ್ನು ಒದಗಿಸಿದ್ದ. ಎಲ್ಲ ಸಾಮಾನನ್ನೂ ಒಟ್ಟಿಗೆ ಜೋಡಿಸಿ ಕೊಡುವ ರೂಢಿ ಹಾಗಾದರೆ ಹೊಸದೇನಲ್ಲ. ಇಂದು ನಮ್ಮ ಕಾಲೇಜು ಹುಡುಗಿಯರು ಇದೇ ಪಟ್ಟಿಗಳಲ್ಲಿ ಜುಮುಕಿ ಮಾಡುತ್ತಾರೆ. ಬಿಗಿ ಸುರುಳಿಯನ್ನು ನಡುವೆ ಮೆಲ್ಲಗೆ ಒತ್ತಿದರೆ ಗುಮ್ಮಟ ಏಳುತ್ತದೆ. ಒಳಮೈಗೆ ಗೋಂದು ಸವರಿದರೆ ಹಾಗೇ ನಿಲ್ಲುತ್ತದೆ.

ಕಾರ್ಡಿಗೆ ಮರಳೋಣ. ಹೂ, ಎಲೆಗಳನ್ನು ಮೊದಲು ಅಂಟಿಸದೆ ಇಟ್ಟು ನೋಡಿ, ಸರಿಸಿ, ಮತ್ತೆ ನೋಡಿ. ಕಾರ್ಡಿನ ತುಂಬ ಹೂ ತುರುಕುವುದಕ್ಕಿಂತ ಒಂದು ಮೂಲೆಯಿಂದ ಬಾಗಿ ಬಂದ ಟೊಂಗೆ ಚೆಂದ. 3 ಮಿಲಿಮೀಟರ್ ಹೂವಾದರೆ ಸಾಮಾನ್ಯ ಲಕೋಟೆಯಲ್ಲಿ ಹೋಗುತ್ತದೆ, ಸೇವಂತಿಗೆಗೆ ತೆಳು ರಟ್ಟಿನ ಡಬ್ಬಿ ಬೇಕು. ಒಳಗಿನ ನಾಲ್ಕು ಸಾಲನ್ನು ಮಾತ್ರ ಹೂ ಅಂಟಿಸುವ ಮುಂಚೆಯೇ ಬರೆದುಬಿಡಬೇಕು. ಆಮೇಲೆ ಬರೆಯಲು ಕಾರ್ಡು ಬಿಚ್ಚಿಟ್ಟರೆ ಪೆನ್ನಿನ ಭಾರವೆಲ್ಲ ಅಡಿಯಲ್ಲಿರುವ ಎಸಳುಗಳ ಮೇಲೆಯೇ ಬೀಳುತ್ತದೆ.